ಅಳುವ ಕೂಸಿಗೆ ಉಸಿರು ಕಟ್ಟಿದಾಗ

(ಮಾದಾಪುರದ ವಾಚನಾಲಯದಲ್ಲಿ ಭಾನುವಾರದ ಕೂಟಕ್ಕಾಗಿ ಬರೆದು ಓದಿದ ಭಾಷಣ)



ಈ ವಾಚನಾಲಯದ ಕೂಟಗಳಲ್ಲಿ ವಚನಗಳ ಮೇಲೋ, ನಾಟಕದ ಮೇಲೋ, ಭವಿಷ್ಯನಿಧಿಯ ಹಣ ಪಡೆಯುವ ಕ್ರಮದ ಮೇಲೋ ಭಾಷಣವಾಗುವುದು ವಾಡಿಕೆ. ಕೂಸುಗಳ ಅಳುವಿನ ಮೇಲೆಯೂ ಒಂದು ಭಾಷಣವೇ ಎಂದು ಕೆಲವರಿಗೆ ನಗು ಬಂದೀತು. ಆದರೆ ಕಳೆದ ತಿಂಗಳು ಇದೇ ಕೋಣೆಯಲ್ಲಿ, ಪತ್ರಿಕೆಗಳ ಮೇಜಿನ ಪಕ್ಕದಲ್ಲಿ ನಡೆದದ್ದನ್ನು ಕಂಡವರು ನಗಲಾರರು. ಸೇಡಂ ಕಡೆಯಿಂದ ಬಂದು ಸೆಂಟ್ರಿಂಗ್ ಕೆಲಸ ಮಾಡುವ ಅಣ್ಣನೊಬ್ಬನು ತನ್ನ ಒಂದೂವರೆ ವರ್ಷದ ಮಗಳನ್ನು ಎತ್ತಿಕೊಂಡು ಬಂದಿದ್ದನು. ಕೂಸು ವಾರಪತ್ರಿಕೆಯೊಂದನ್ನು ಹರಿಯಲು ಹೊರಟಿತು, ತಂದೆ ಕಸಿದುಕೊಂಡನು, ಕೂಸು ಬಾಯಿ ತೆರೆದು ಅತ್ತಿತು. ಒಂದು ಕೂಗಾಯಿತು, ಎರಡು ಕೂಗಾಯಿತು, ಮೂರನೆಯ ಕೂಗು ಹೊರಡಲೇ ಇಲ್ಲ. ಬಾಯಿ ತೆರೆದೇ ಇದೆ, ದನಿಯಿಲ್ಲ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿತು, ಮರುಕ್ಷಣ ಕೈಕಾಲು ಸಡಿಲಬಿದ್ದು ಕೂಸು ತಂದೆಯ ತೋಳಿನ ಮೇಲೆ ಒದ್ದೆ ಬಟ್ಟೆಯಂತೆ ಜೋತುಬಿತ್ತು.

ಆಗ ಕೂಡಿದ್ದ ಜನ, ಎಲ್ಲರೂ ಓದುಬರಹ ಬಲ್ಲವರೇ, ಏನು ಮಾಡಿದರು? ಒಬ್ಬರು ತಂಬಿಗೆ ನೀರು ತಂದು ಬಾಯಿಗೆ ಹೊಯ್ಯಲು ಹೋದರು. ಒಬ್ಬರು ಬೀಗದ ಕೈಯನ್ನು ಅಂಗೈಗೆ ಒತ್ತಿದರು. ಚಪ್ಪಲಿ ಮೂಸಿಸಿರಿ ಎಂದವರೊಬ್ಬರು, ಕಾಲು ಹಿಡಿದು ತಲೆಕೆಳಗು ಮಾಡಿರಿ ಎಂದವರು ಇನ್ನೊಬ್ಬರು. ಬಾಗಿಲಲ್ಲಿ ನಿಂತಿದ್ದ ತಾಯಿಯೊಬ್ಬಳು, "ಯವ್ವಾ, ಕೂಸಿಗಿ ಗಾಳಿ ಬಡದದ, ಮೊದಲ ದೃಷ್ಟಿ ತೆಗೀರಿ" ಎಂದಳು. ಇಷ್ಟು ಮಾತು ಮುಗಿಯುವುದರೊಳಗೆ ಕೂಸು ತಾನಾಗಿಯೇ ಒಂದು ದೊಡ್ಡ ಉಸಿರು ಎಳೆದುಕೊಂಡು, ಕಣ್ಣು ಬಿಟ್ಟು, ಸುತ್ತ ನೆರೆದ ಮುಖಗಳನ್ನೆಲ್ಲ ನೋಡಿ ಹೆದರಿ ಮತ್ತೆ ಅತ್ತಿತು. ನೀರು ಹೊಯ್ಯುವವರ ಕೈ ಹಿಡಿದು ತಡೆದವರು ನಾವು. ಆ ಅಪರಾಧಕ್ಕಾಗಿಯೇ ಕಾರ್ಯದರ್ಶಿಗಳು ಈ ದಿನ ನಮ್ಮನ್ನು ಇಲ್ಲಿ ನಿಲ್ಲಿಸಿದ್ದಾರೆ.

ನಾವು ವೈದ್ಯರಲ್ಲ. ಗಂಡಹೆಂಡಿರು, ಒಬ್ಬರು ಲೆಕ್ಕಪತ್ರದ ಗುಮಾಸ್ತರು, ಒಬ್ಬರು ಮನೆಯಲ್ಲಿ ಹೊಲಿಗೆ ಮಾಡುವವರು. ಈ ಮಾತನ್ನು ಇಬ್ಬರೂ ಕೂಡಿ ಬರೆದಿದ್ದೇವೆ, ಓದುವುದಕ್ಕೆ ಮಾತ್ರ ಒಬ್ಬರು ನಿಂತಿದ್ದೇವೆ. ನಮಗೆ ಈ ವಿಷಯ ಪುಸ್ತಕದಿಂದ ಮೊದಲು ಬಂದದ್ದಲ್ಲ, ಮನೆಯೊಳಗೇ ಬಂದಿತು. ಪುಸ್ತಕವನ್ನು ನೋಡಿದ್ದು ಆಮೇಲೆ.

೨೦೦೯ರ ಮಳೆಗಾಲ. ನಾವು ಮಾದಾಪುರಕ್ಕೆ ಬಂದು ಮೂರು ವರ್ಷವಾಗಿತ್ತು. ಸೈಬರ್ ಟವರ್ಸ್ ಎದ್ದು ಹತ್ತು ವರ್ಷ ಕಳೆದಿದ್ದರೂ ಸುತ್ತಲೆಲ್ಲ ಇನ್ನೂ ಬಂಡೆ ಸಿಡಿಸುವ ಸದ್ದು. ಒಂದೇ ಕೋಣೆಯ ಮನೆ. ಅಡಿಗೆ, ಮಲಗುವುದು, ಹೊಲಿಗೆಯ ಯಂತ್ರ ಎಲ್ಲವೂ ಅದರಲ್ಲೇ. ನಮ್ಮ ಎರಡನೆಯ ಮಗನಿಗೆ ಆಗ ಹನ್ನೊಂದು ತಿಂಗಳು. ಒಲೆಯ ಕಡೆಗೆ ಅಂಬೆಗಾಲಿಡುತ್ತಿದ್ದವನನ್ನು ಹಿಂದಕ್ಕೆಳೆದು ಕೂರಿಸಿದೆವು, ಅಷ್ಟೇ. ನೀವು ಇಲ್ಲಿ ಕಂಡದ್ದೇ ಅಲ್ಲಿ ಆಯಿತು. ನಾವು ಏನು ಮಾಡಿದೆವೆಂದರೆ, ಹಲ್ಲು ಕಚ್ಚಿಕೊಂಡಿದ್ದಾನೆಂದು ಚಮಚದ ಹಿಡಿಯನ್ನು ಬಾಯಿಗೆ ತುರುಕಿದೆವು. ಒಸಡು ಸೀಳಿ ರಕ್ತ ಬಂದಿತು. ಆ ರಕ್ತವನ್ನು ಕಂಡು ಒಳಗಿನಿಂದಲೇ ರಕ್ತ ಕಾರುತ್ತಿದ್ದಾನೆಂದು ತಿಳಿದು ಇನ್ನಷ್ಟು ಕೂಗಿಕೊಂಡೆವು. ಆಟೋ ಹಿಡಿದು ದವಾಖಾನೆಯ ಬಾಗಿಲಿಗೆ ಹೋಗುವ ಹೊತ್ತಿಗೆ ಮಗ ಆಟೋದವನ ಕನ್ನಡಿಯಲ್ಲಿ ಮುಖ ನೋಡಿಕೊಂಡು ನಗುತ್ತಿದ್ದನು. ಬಾಯಿಯಲ್ಲಿ ಇದ್ದದ್ದು ನಾವು ಮಾಡಿದ ಗಾಯ ಒಂದೇ.

ಆ ಖಾಸಗಿ ದವಾಖಾನೆಯ ಹೆಸರು ಬೇಡ. ಅಲ್ಲಿ ಫಿಟ್ಸು ಎಂದರು. ತಲೆಗೆ ತಂತಿ ಅಂಟಿಸುವ ಇ.ಇ.ಜಿ. ಪರೀಕ್ಷೆಯಾಯಿತು, ಅದರಲ್ಲಿ ದೋಷವೇನೂ ಕಾಣಲಿಲ್ಲ, ಆದರೂ ಎರಡು ಹೊತ್ತು ಫಿಟ್ಸಿನ ಔಷಧ ಬರೆದುಕೊಟ್ಟರು. ಚೀಟಿಯ ಹಣವನ್ನು ನಷ್ಟಕ್ಕೆ ಎತ್ತಿ ಬಿಲ್ಲು ತೀರಿಸಿದೆವು. ಔಷಧ ಕುಡಿದ ಮಗ ಹಗಲೆಲ್ಲ ತೂಕಡಿಸತೊಡಗಿದನು. ಉಸಿರು ಕಟ್ಟುವುದು ಮಾತ್ರ ನಿಲ್ಲಲಿಲ್ಲ. ವಾರಕ್ಕೆರಡು ಸಲ, ಮೂರು ಸಲ. ಊರಿನಿಂದ ದಿನವೂ ಫೋನು. ಹರಕೆಯಾಯಿತು, ತಾಯಿತವಾಯಿತು. ಕೊನೆಗೆ ಮನೆತನದ ಹಿರಿಯರೊಬ್ಬರು, ಬಳೆಯ ಚೂರು ಕಾಸಿ ಹೊಟ್ಟೆಯ ಮೇಲೆ ಬರೆ ಹಾಕುವ ಮುದುಕಿ ಪಕ್ಕದ ಊರಲ್ಲಿದ್ದಾಳೆ, ಅಮಾವಾಸ್ಯೆಯೊಳಗೆ ಕೂಸನ್ನು ಕರೆದುಕೊಂಡು ಬನ್ನಿ ಎಂದರು. ಇಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ. ನಾವು ಒಪ್ಪಿದ್ದೆವು. ರಜೆ ಬರೆದುಕೊಟ್ಟಾಗಿತ್ತು, ಬಸ್ಸಿನ ಟಿಕೆಟ್ಟೂ ಆಗಿತ್ತು. ಹೊರಡುವ ಹಿಂದಿನ ದಿನ ಮಗನಿಗೆ ಜ್ವರ ಬಂದು ಎದೆ ಕಟ್ಟಿದ್ದರಿಂದ ಪ್ರಯಾಣ ನಿಂತಿತು. ಕೈಯಲ್ಲಿ ಹಣವಿಲ್ಲದ್ದರಿಂದ ಸರ್ಕಾರಿ ಮಕ್ಕಳ ಆಸ್ಪತ್ರೆಗೆ ಹೋದೆವು. ನಮ್ಮ ಮಗನ ಹೊಟ್ಟೆಯ ಮೇಲೆ ಇಂದು ಬರೆಯ ಗುರುತು ಇಲ್ಲದಿರುವುದು ನಮ್ಮ ಜಾಣತನದಿಂದಲ್ಲ, ಆ ಜ್ವರದಿಂದ.

ಅಲ್ಲಿದ್ದ ಡಾಕ್ಟರಮ್ಮ ಎದೆ ನೋಡಿದ ಮೇಲೆ, ಫಿಟ್ಸಿನ ಔಷಧದ ಚೀಟಿಯನ್ನು ಓದಿ ಒಂದೇ ಪ್ರಶ್ನೆ ಕೇಳಿದರು. "ಮೊದಲು ಅಳುತ್ತಾನೋ, ಮೊದಲು ಬೀಳುತ್ತಾನೋ?" ಇಬ್ಬರೂ ಒಟ್ಟಿಗೆ, "ಅತ್ತ ಮೇಲೆಯೇ" ಎಂದೆವು. ನಿದ್ದೆಯಲ್ಲಿ ಎಂದಾದರೂ ಆದದ್ದುಂಟೋ? ಇಲ್ಲ. ಸುಮ್ಮನೆ ಆಡುತ್ತಿರುವಾಗ? ಇಲ್ಲ. ಆಮೇಲೆ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, "ಚಹಾ ಕುಡಿಸುತ್ತೀರೇನು?" ಎಂದು ಕೇಳಿದರು. ಉಸಿರಿಗೂ ಚಹಾಕ್ಕೂ ಏನು ಸಂಬಂಧವೆಂದು ನಮಗೆ ಆಶ್ಚರ್ಯವಾಯಿತು. ಚಹಾಕ್ಕೆ ಮುಂದೆ ಬರುತ್ತೇವೆ.

ಈ ಸ್ಥಿತಿಗೆ ವೈದ್ಯರು 'ಬ್ರೆತ್ ಹೋಲ್ಡಿಂಗ್ ಸ್ಪೆಲ್' ಎನ್ನುತ್ತಾರೆ. ಎಂದರೆ ಉಸಿರು ಹಿಡಿದುಕೊಳ್ಳುವುದು. ನಮ್ಮ ಅಭಿಪ್ರಾಯದಲ್ಲಿ ಅರ್ಧ ತೊಂದರೆ ಆ ಹೆಸರಿನಿಂದಲೇ ಬಂದದ್ದು. ಕೂಸು ಉಸಿರನ್ನು ಹಿಡಿದುಕೊಳ್ಳುವುದಿಲ್ಲ. ಹಟಕ್ಕಾಗಿ ಮಾಡುವುದೂ ಅಲ್ಲ, ತಾಯಿಯನ್ನು ಹೆದರಿಸಲು ಮಾಡುವುದೂ ಅಲ್ಲ. ನಮ್ಮವರು ಹೇಳುವ 'ಉಸಿರು ಕಟ್ಟಿತು' ಎಂಬ ಮಾತೇ ಸರಿಯಾದದ್ದು. ಅದು ತಾನಾಗಿ ಕಟ್ಟುತ್ತದೆ. ಜೋರಾಗಿ ಅಳುವಾಗ ಕೂಸು ಎದೆಯೊಳಗಿನ ಗಾಳಿಯನ್ನೆಲ್ಲ ಹೊರಕ್ಕೆ ಹಾಕುತ್ತದೆ. ಹೊರಗೆ ಹಾಕಿದ ಕೊನೆಯಲ್ಲಿ, ಮತ್ತೆ ಒಳಕ್ಕೆಳೆಯುವ ಮುನ್ನ, ಉಸಿರು ಅಲ್ಲಿಯೇ ನಿಂತುಬಿಡುತ್ತದೆ. ಎದೆ ಬರಿದಾಗಿರುವುದರಿಂದ ರಕ್ತದಲ್ಲಿನ ಆಮ್ಲಜನಕ ಬೇಗ ಇಳಿದು ತುಟಿ ನೀಲಿಯಾಗುತ್ತದೆ. ಮಿದುಳಿಗೆ ಗಳಿಗೆಯ ಮಟ್ಟಿಗೆ ಸಾಲದೆ ಬಂದು ಎಚ್ಚರ ತಪ್ಪುತ್ತದೆ. ಕೆಲವು ಮಕ್ಕಳಲ್ಲಿ ಈ ಹೊತ್ತಿನಲ್ಲಿ ಮೈ ಸೆಟೆಯುತ್ತದೆ, ಕೈಕಾಲು ಒಂದೆರಡು ಸಲ ಅದುರುತ್ತದೆ. ಫಿಟ್ಸೆಂದು ಭ್ರಮೆಯಾಗುವುದು ಇದರಿಂದಲೇ. ಎಚ್ಚರ ತಪ್ಪಿದೊಡನೆ ಅಳು ಹೋಯಿತು, ಸಿಟ್ಟು ಹೋಯಿತು. ಉಸಿರಾಟವನ್ನು ನಡೆಸುವ ಮಿದುಳಿನ ಭಾಗ ತನ್ನ ಕೆಲಸಕ್ಕೆ ತಾನೇ ಮರಳುತ್ತದೆ. ಇದೆಲ್ಲವೂ ಸಾಮಾನ್ಯವಾಗಿ ಒಂದು ನಿಮಿಷದೊಳಗಿನ ಮಾತು.

ಇನ್ನೊಂದು ಬಗೆಯುಂಟು, ಕಡಮೆ ಕಾಣಿಸುವಂಥದು. ಅದರಲ್ಲಿ ಕೂಸು ನೀಲಿಯಾಗುವುದಿಲ್ಲ, ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಕಾರಣವೂ ಸಿಟ್ಟಲ್ಲ, ಥಟ್ಟನೆ ಬಿದ್ದದ್ದೋ, ತಲೆಗೆ ಸಣ್ಣ ಪೆಟ್ಟೋ, ಬೆಚ್ಚಿದ್ದೋ. ಅಳುವೂ ಹೆಚ್ಚಿರುವುದಿಲ್ಲ, ಬಾಯಿ ತೆರೆದಂತೆ ಮಾಡಿ ಹಾಗೆಯೇ ಒರಗುತ್ತದೆ. ಹೃದಯದ ಬಡಿತವನ್ನು ತಗ್ಗಿಸುವ ನರವೊಂದು ಅತಿಯಾಗಿ ಕೆಲಸ ಮಾಡಿ, ಬಡಿತ ಕ್ಷಣಕಾಲ ನಿಧಾನವಾಗಿ, ಕೆಲವೊಮ್ಮೆ ಕೆಲವು ಕ್ಷಣ ನಿಂತೇ, ಮತ್ತೆ ಹೊರಡುತ್ತದೆ. ದೊಡ್ಡವರು ರಕ್ತ ನೋಡಿ ಮೂರ್ಛೆ ಹೋಗುವುದಿಲ್ಲವೇ, ಅದೇ ಜಾತಿಯದು. ಹೊಸ್ತಿಲಿಗೆ ಎಡವಿ ಬಿದ್ದ ಕೂಸು ಬೆಳ್ಳಗಾಗಿ ಒರಗಿದಾಗ, ತಲೆಗೆ ಪೆಟ್ಟಾಗಿಯೇ ಹೋಯಿತೆಂದು ತಂದೆತಾಯಿ ಎದೆ ಬಡಿದುಕೊಳ್ಳುತ್ತಾರೆ. ಈ ಬಿಳಿಯ ಬಗೆಯಲ್ಲಿ ಒಮ್ಮೆ ಇ.ಸಿ.ಜಿ. ತೆಗೆಸಿ ಹೃದಯದ ನಡೆಯನ್ನು ನೋಡಿಸಬೇಕು. ಕಾರಣವನ್ನು ಸ್ವಲ್ಪ ಮುಂದೆ ಹೇಳುತ್ತೇವೆ.

ಆರೋಗ್ಯವಾಗಿರುವ ನೂರು ಕೂಸುಗಳಲ್ಲಿ ಹೆಚ್ಚೆಂದರೆ ಐದಕ್ಕೆ ಇದು ಬರುತ್ತದೆಂದು ಲೆಕ್ಕ. ಸಾಮಾನ್ಯವಾಗಿ ಆರು ತಿಂಗಳು ತುಂಬಿದ ಮೇಲೆ, ಒಂದೂವರೆ ವರ್ಷದೊಳಗೆ ಶುರುವಾಗುತ್ತದೆ. ಎರಡನೆಯ ವರ್ಷದಲ್ಲಿ ಜೋರು. ನಾಲ್ಕು ವರ್ಷಕ್ಕೆ ಸುಮಾರು ಅರ್ಧ ಮಕ್ಕಳಲ್ಲಿ ನಿಂತಿರುತ್ತದೆ. ಆರು ವರ್ಷದ ಹೊತ್ತಿಗೆ ಬಹುಪಾಲು ಎಲ್ಲರಲ್ಲಿಯೂ. ಬುದ್ಧಿಗೆ ಕುಂದು ತರುವುದಿಲ್ಲ, ಮುಂದೆ ಅಪಸ್ಮಾರಕ್ಕೆ ತಿರುಗುವುದೂ ಇಲ್ಲ. ಎಷ್ಟೋ ಮನೆಗಳಲ್ಲಿ ಹಿಂದಿನ ತಲೆಮಾರಿನಲ್ಲಿಯೂ ಇದ್ದಿರುತ್ತದೆ. ನಮ್ಮಲ್ಲಿ ಇದು ಗೊತ್ತಾದದ್ದು ವಿನೋದವಾಗಿ. ಎಲ್ಲ ಮುಗಿದ ಮೇಲೆ ಅತ್ತೆಯವರು, "ಇವರಪ್ಪನೂ ಸಣ್ಣಾಂವಿದ್ದಾಗ ಹಿಂಗ ನೀಲಿ ಆಗ್ತಿದ್ದ" ಎಂದರು. ಅಷ್ಟು ದಿನ ಯಾಕೆ ಹೇಳಲಿಲ್ಲವೆಂದರೆ, ಮಗನ ಮರ್ಯಾದೆಯ ಪ್ರಶ್ನೆಯಂತೆ.

ಆ ಕ್ಷಣದಲ್ಲಿ ಏನು ಮಾಡಬೇಕು? ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ನಮಗೆ ಅತಿ ಕಷ್ಟವಾದ ಪಾಠ ಇದೇ. ಮಾಡಬೇಕಾದದ್ದು ಬಹಳ ಕಡಮೆ. ಕೂಸನ್ನು ಎತ್ತಿ ನಿಲ್ಲಿಸದೆ, ಹೆಗಲ ಮೇಲೆ ಹಾಕಿಕೊಳ್ಳದೆ, ನೆಲದ ಮೇಲೆ ಚಾಪೆಗೋ ಕಂಬಳಿಗೋ ಒಂದು ಮಗ್ಗುಲಾಗಿ ಮಲಗಿಸಬೇಕು. ಮಲಗಿಸಿದರೆ ತಲೆಗೆ ರಕ್ತ ಸುಲಭವಾಗಿ ಹರಿಯುತ್ತದೆ, ಜೊಲ್ಲು ಗಂಟಲಿಗಿಳಿಯದೆ ಹೊರಗೆ ಹೋಗುತ್ತದೆ. ಒಲೆ, ಮೇಜಿನ ಮೂಲೆ, ಕಬ್ಬಿಣದ ಸಾಮಾನು ಹತ್ತಿರವಿದ್ದರೆ ದೂರ ಸರಿಸಬೇಕು. ಆಮೇಲೆ ಗಡಿಯಾರ ನೋಡಬೇಕು. ಗಡಿಯಾರವಿಲ್ಲದಿದ್ದರೆ ಒಂದು, ಎರಡು, ಮೂರು ಎಂದು ನಿಧಾನವಾಗಿ, ಬಾಯಿಬಿಟ್ಟು ಎಣಿಸಬೇಕು. ಡಾಕ್ಟರಮ್ಮ ಕೊಟ್ಟ ಈ ಎಣಿಕೆಯನ್ನು ನಾವು ಮೊದಲು ತಮಾಷೆಯೆಂದುಕೊಂಡಿದ್ದೆವು. ಆದರೆ ಆ ಹೊತ್ತಿನಲ್ಲಿ ತಾಯಿಗೆ ಅರ್ಧ ನಿಮಿಷವೆಂಬುದು ಕಾಲು ಗಂಟೆಯಾಗಿ ಕಾಣುತ್ತದೆ. ಎಣಿಸತೊಡಗಿದ ಮೇಲೆ ನಮಗೆ ತಿಳಿದದ್ದು, ನಮ್ಮ ಮಗನಿಗೆ ಅದು ಒಂದು ಸಲವಾದರೂ ನಲವತ್ತು ದಾಟಲಿಲ್ಲ. ಎಣಿಸುವ ಬಾಯಿ ಕಿರಚಲಾರದು. ಎಣಿಕೆಯಲ್ಲಿ ತೊಡಗಿದ ಕೈ ಚಮಚ ಹುಡುಕಲಾರದು. ಇದು ಅದರ ಎರಡನೆಯ ಲಾಭ.

ಬಾಯಿಗೆ ನೀರು ಹೊಯ್ಯಕೂಡದು; ಎಚ್ಚರವಿಲ್ಲದ ಕೂಸಿನ ಬಾಯಿಗೆ ಹೊಯ್ದ ನೀರು ಶ್ವಾಸಕೋಶಕ್ಕೆ ಹೋದರೆ ಅದೇ ಪ್ರಾಣಕ್ಕೆ ಅಪಾಯ. ಬೆರಳು, ಚಮಚ ಹಾಕಕೂಡದು. ಭುಜ ಹಿಡಿದು ಅಲುಗಿಸಕೂಡದು; ಸಣ್ಣ ಕೂಸಿನ ಕತ್ತು ಬಲಿತಿರುವುದಿಲ್ಲ, ಜೋರಾಗಿ ಅಲುಗಿಸಿದರೆ ತಲೆಯೊಳಗೆ ರಕ್ತಸ್ರಾವವಾಗಬಹುದು. ಉಳ್ಳಾಗಡ್ಡಿ, ಚಪ್ಪಲಿ, ಬೀಗದ ಕೈ ಇವುಗಳಿಂದ ಏನೂ ಆಗುವುದಿಲ್ಲ. ಅವು ಮುಗಿಯುವ ಹೊತ್ತಿಗೆ ಉಸಿರು ತಾನೇ ಬಂದಿರುತ್ತದೆ, ಕೀರ್ತಿ ಮಾತ್ರ ಬೀಗದ ಕೈಗೆ ಹೋಗುತ್ತದೆ. ಬರೆಯ ಕೀರ್ತಿಯೂ ಹೀಗೆಯೇ ಹುಟ್ಟಿದ್ದು. ಬರೆ ಹಾಕಿದ ಕೂಸಿಗೆ ವರ್ಷ ಕಳೆದ ಮೇಲೆ ಉಸಿರು ಕಟ್ಟುವುದು ನಿಲ್ಲುತ್ತದೆ. ಬರೆ ಹಾಕದ ಕೂಸಿಗೂ ನಿಲ್ಲುತ್ತದೆ. ಮೊದಲನೆಯದಕ್ಕೆ ಸುಟ್ಟ ಗಾಯ, ಕೀವು, ನಂಜು ಹೆಚ್ಚಿನ ಲಾಭ.

ಆದರೆ ಎಲ್ಲವನ್ನೂ ಇದೇ ಎಂದು ತಿಳಿದು ಸುಮ್ಮನಿದ್ದುಬಿಡುವುದೂ ಅಪಾಯ. ಆದ್ದರಿಂದ ಇದು ಯಾವುದಲ್ಲ ಎಂಬುದನ್ನು ಗಮನಿಸಿ ಕೇಳಬೇಕು. ಮೊದಲ ಸಲ ಹೀಗಾದ ಕೂಸನ್ನು, ಎಷ್ಟು ಚೆನ್ನಾಗಿ ಎಚ್ಚೆತ್ತಿದ್ದರೂ, ಒಮ್ಮೆ ವೈದ್ಯರಿಗೆ ತೋರಿಸಲೇಬೇಕು. ಆರು ತಿಂಗಳೊಳಗಿನ ಕೂಸಾದರೆ ತಡಮಾಡದೆ. ಅಳು, ನೋವು, ಬೆದರಿಕೆ ಯಾವುದೂ ಇಲ್ಲದೆ ಆಡುತ್ತಲೇ ಬಿದ್ದರೆ, ನಿದ್ದೆಯಲ್ಲಿ ಸೆಟೆದರೆ, ಓಡುವಾಗ ಕುಸಿದರೆ, ಅದು ಈ ಜಾತಿಯದಲ್ಲ; ಫಿಟ್ಸಿರಬಹುದು, ಹೃದಯದ ದೋಷವಿರಬಹುದು. ಹೃದಯದ ವಿದ್ಯುತ್ತಿನ ಒಂದು ಹುಟ್ಟುದೋಷದಲ್ಲಿಯೂ ಕೂಸು ಬೆಚ್ಚಿದಾಗ ಬಿಳಿಚಿ ಬೀಳುವುದುಂಟು. ಬಿಳಿಯ ಬಗೆಗೆ ಇ.ಸಿ.ಜಿ. ಬೇಕೆಂದದ್ದು ಅದಕ್ಕೇ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸತ್ತವರಿದ್ದರೆ ಆ ಮಾತನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಎಣಿಕೆ ಅರವತ್ತು ದಾಟಿಯೂ ಉಸಿರು ಬರದಿದ್ದರೆ, ಅದುರುವಿಕೆ ನಿಲ್ಲದಿದ್ದರೆ, ಎಚ್ಚೆತ್ತ ಮೇಲೂ ಬಹಳ ಹೊತ್ತು ಮಂಕಾಗಿದ್ದರೆ, ೧೦೮ಕ್ಕೆ ಫೋನು ಮಾಡಬೇಕು. ಕೂಸು ಶೇಂಗಾ, ಪುಠಾಣಿ, ನಾಣ್ಯ ಏನಾದರೂ ಬಾಯಿಗೆ ಹಾಕಿಕೊಂಡಿದ್ದು ಥಟ್ಟನೆ ದನಿ ನಿಂತರೆ, ಅಲ್ಲಿ ಎಣಿಸುತ್ತ ಕೂರುವಂತಿಲ್ಲ. ಅದು ಗಂಟಲಿಗೆ ಸಿಕ್ಕಿಕೊಂಡದ್ದು. ಕೂಸನ್ನು ತೋಳಿನ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಎರಡು ಹೆಗಲುಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು ಕೊಡುತ್ತ ಸಹಾಯಕ್ಕೆ ಕೂಗಬೇಕು.

ಇನ್ನು ಚಹಾದ ವಿಷಯ. ನಮ್ಮ ಮಗನ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗಿತ್ತು. ಆ ವಯಸ್ಸಿನಲ್ಲಿ ಹನ್ನೊಂದಾದರೂ ಇರಬೇಕು. ರಕ್ತದಲ್ಲಿ ಕಬ್ಬಿಣದ ಅಂಶ ಕಡಮೆಯಿರುವ ಮಕ್ಕಳಲ್ಲಿ ಉಸಿರು ಕಟ್ಟುವುದು ಹೆಚ್ಚೆಂಬ ಸಂಗತಿ ಹೊಸದಲ್ಲ. ೧೯೬೩ರಲ್ಲಿಯೇ ಅಮೆರಿಕೆಯ ಹೊಲೊವಾಚ್ ಮತ್ತು ಥರ್ಸ್ಟನ್ ಎಂಬ ವೈದ್ಯರು ಇದನ್ನು ಬರೆದರು. ೧೯೯೭ರಲ್ಲಿ ಜೋರ್ಡಾನ್ ದೇಶದ ವೈದ್ಯರು ಪರೀಕ್ಷೆಯನ್ನೇ ಮಾಡಿ ನೋಡಿದರು. ಇಂಥ ೬೭ ಮಕ್ಕಳಲ್ಲಿ ೩೩ ಮಕ್ಕಳಿಗೆ ಕಬ್ಬಿಣದ ಔಷಧವನ್ನೂ ೩೪ ಮಕ್ಕಳಿಗೆ ಔಷಧದಂತೆ ಕಾಣುವ ಬರಿಯ ನೀರನ್ನೂ ಕೊಟ್ಟರು. ಔಷಧ ಪಡೆದವರಲ್ಲಿ ನೂರಕ್ಕೆ ೮೮ರಷ್ಟು ಮಕ್ಕಳಿಗೆ ಪೂರ್ತಿ ನಿಂತಿತು ಅಥವಾ ಬಹಳ ಕಡಮೆಯಾಯಿತು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ ೬. ಇದು ಓದಿದಾಗ ನಮಗೆ ಬಸ್ಸಿನ ಟಿಕೆಟ್ಟಿನ ನೆನಪಾಯಿತು. ನಾವು ಬರೆ ಹಾಕಿಸಲು ಹೊರಟಿದ್ದ ವರ್ಷಕ್ಕೆ ಆ ಪರೀಕ್ಷೆ ಮುಗಿದು ಹನ್ನೆರಡು ವರ್ಷವಾಗಿತ್ತು.

ನಮ್ಮ ಮಕ್ಕಳಲ್ಲಿ ರಕ್ತಹೀನತೆ ಎಷ್ಟೆಂದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ ಮಕ್ಕಳಿಗೆ ರಕ್ತ ಕಡಮೆ; ಈ ತೆಲಂಗಾಣದಲ್ಲಿ ೭೦. ಅವರಿಗೆಲ್ಲ ಉಸಿರು ಕಟ್ಟುವುದಿಲ್ಲ, ನಿಜ. ಆದರೆ ಉಸಿರು ಕಟ್ಟುವ ಕೂಸಿಗೆ ಮೊದಲು ನೋಡತಕ್ಕದ್ದು ತಲೆಯ ಫೋಟೋ ಅಲ್ಲ, ಬೆರಳ ತುದಿಯ ರಕ್ತ.

ನಮ್ಮ ಮನೆಯಲ್ಲಿ ಹೇಗೆ ಕಡಮೆಯಾಯಿತು? ತಾಯಿಯ ಹಾಲಿನೊಡನೆ ಆರು ತಿಂಗಳ ಮೇಲೆ ಗಟ್ಟಿ ಆಹಾರ ಕೊಡಬೇಕಾಗಿತ್ತು. ನಾವು ಕೊಟ್ಟದ್ದು ಎಮ್ಮೆಯ ಹಾಲು, ಚಹಾದಲ್ಲಿ ಅದ್ದಿದ ಬಿಸ್ಕತ್ತು. ಕೆಲಸದ ಅವಸರದಲ್ಲಿ ಅದೇ ಸುಲಭ. ಕಟ್ಟಡದ ಶೆಡ್ಡುಗಳಲ್ಲಿ ಇರುವ ತಾಯಂದಿರು ಮಾಡುವುದೂ ಇದೇ. ಹಾಜರಿ ಹಾಕುವ ಮೇಸ್ತ್ರಿ ಕೂಗುತ್ತಿರುವಾಗ ಕೂಸಿನ ಬಾಯಿ ಮುಚ್ಚಿಸಲು ಬಿಸ್ಕತ್ತಿನಷ್ಟು ಬೇಗ ಸಿಗುವುದು ಬೇರೆ ಇಲ್ಲ. ಯಾರನ್ನೂ ದೂರುವ ಮಾತಲ್ಲ ಇದು. ಆದರೆ ಚಹಾ ಊಟದಲ್ಲಿದ್ದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಹಾಲಿನಲ್ಲಿ ಕಬ್ಬಿಣ ಇಲ್ಲವೆಂಬಷ್ಟು ಕಡಮೆ, ಅದು ಹೊಟ್ಟೆ ತುಂಬಿಸಿ ಬೇರೆ ಆಹಾರಕ್ಕೆ ಎಡೆ ಬಿಡುವುದಿಲ್ಲ. ವರ್ಷದೊಳಗಿನ ಕೂಸಿಗೆ ಹಸು ಎಮ್ಮೆಯ ಹಾಲನ್ನೇ ಮುಖ್ಯ ಮಾಡಬಾರದು. ವರ್ಷ ದಾಟಿದ ಮೇಲೂ ದಿನಕ್ಕೆ ಅರ್ಧ ಲೀಟರು ಮೀರಬಾರದು. ಚಹಾ ಬೇಡವೇ ಬೇಡ. ಹೆಸರುಬೇಳೆಯ ಕಟ್ಟು, ಮೆತ್ತಗೆ ಕಲಸಿದ ಸಜ್ಜೆರೊಟ್ಟಿ, ರಾಜಗಿರಿ ಪಲ್ಯ, ನುಗ್ಗೆ ಸೊಪ್ಪು, ತಿನ್ನುವವರಿಗೆ ಮೊಟ್ಟೆ, ಕುರಿಯ ಕಲೇಜಿ. ಎಲ್ಲದರ ಮೇಲೆ ನಾಲ್ಕು ಹನಿ ನಿಂಬೆಯ ರಸ. ಆ ಹುಳಿಯಿಂದ ಕಾಳು ಪಲ್ಯದ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಆದರೆ ಒಮ್ಮೆ ಕಡಮೆಯಾದ ರಕ್ತ ಊಟದಿಂದ ಮಾತ್ರ ಬೇಗ ಏರುವುದಿಲ್ಲ, ಔಷಧ ಬೇಕು. ನಮ್ಮ ಮಗನಿಗೆ ಮೂರು ತಿಂಗಳು ಕೊಟ್ಟೆವು. ಮಲ ಕಪ್ಪಗಾದಾಗ ಹೆದರಿದೆವು, ಅದು ಸಹಜವಂತೆ. ಮೊದಲ ತಿಂಗಳಲ್ಲಿ ಹೇಳುವಂಥ ಬದಲಾವಣೆ ಕಾಣಲಿಲ್ಲ. ಎರಡನೆಯ ತಿಂಗಳಲ್ಲಿ ವಾರಕ್ಕೆ ಒಂದು ಸಲವಾಯಿತು. ದೀಪಾವಳಿಯಿಂದ ಸಂಕ್ರಾಂತಿಯ ತನಕ ಎರಡೇ ಸಲ. ಫಿಟ್ಸಿನ ಔಷಧವನ್ನು ಡಾಕ್ಟರಮ್ಮನೇ ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಡಿಸಿದರು. ಇದನ್ನು ಕೇಳಿ ಯಾರೂ ತಮ್ಮ ಕೂಸಿನ ಫಿಟ್ಸಿನ ಔಷಧವನ್ನು ತಾವಾಗಿ ನಿಲ್ಲಿಸಕೂಡದು. ಹಾಗೆಯೇ ಕಬ್ಬಿಣದ ಸಿರಪ್ಪನ್ನು ಅಂಗಡಿಯಿಂದ ತಂದು ಅಂದಾಜಿನಲ್ಲಿ ಕುಡಿಸಕೂಡದು. ಅಳತೆ ಮೀರಿದರೆ ಅದೇ ವಿಷ. ಶೀಸೆಯನ್ನು ಕೂಸಿನ ಕೈಗೆಟುಕದಂತೆ ಮೇಲಿಡಬೇಕು. ರಕ್ತಹೀನತೆ ಬಾರದಂತೆ ಸಣ್ಣ ಮಕ್ಕಳಿಗೆ ವಾರಕ್ಕೆರಡು ಸಲ ಒಂದೊಂದು ಮಿಲಿಲೀಟರು ಸಿರಪ್ಪು ಕೊಡುವ ಸರ್ಕಾರದ ಕಾರ್ಯಕ್ರಮವೊಂದು ೨೦೧೮ರಲ್ಲಿ ಆರಂಭವಾಯಿತು. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಕೇಳಬಹುದು. ಪರವೂರಿನವರೆಂದು ಸಂಕೋಚಪಟ್ಟು ಕೇಳದೆ ಬರುವವರೇ ನಮ್ಮಲ್ಲಿ ಹೆಚ್ಚು.

ಔಷಧದ ಮಾತು ಇಷ್ಟು. ಮನೆಯ ಮಾತು ಇದಕ್ಕಿಂತ ಕಠಿಣ. ಉಸಿರು ಕಟ್ಟುವ ಕೂಸಿದ್ದ ಮನೆಯಲ್ಲಿ ಒಂದು ಕಾಯಿದೆ ಹುಟ್ಟಿಕೊಳ್ಳುತ್ತದೆ: ಕೂಸನ್ನು ಅಳಿಸಬಾರದು. ಆ ಕಾಯಿದೆಯನ್ನು ಪಾಲಿಸಬೇಕಾದವಳು ಒಬ್ಬಳೇ, ತಾಯಿ. ಗಂಡನು ಪಾಳಿ ಮುಗಿಸಿ ಬಂದು, ಇವತ್ತೂ ಆಯಿತೆಂದು ಕೇಳಿ, "ನೀನೇ ಅಳಿಸಿರಬೇಕು" ಎನ್ನುತ್ತಾನೆ. ನಮ್ಮ ಮನೆಯಲ್ಲಿಯೂ ಈ ಮಾತು ಬಂದಿತ್ತು. ಇಬ್ಬರೂ ಕೂಡಿ ಬರೆದ ಭಾಷಣವಾದ್ದರಿಂದ ಅದನ್ನು ಬಿಡುವಂತಿಲ್ಲ. ಆ ನಾಲ್ಕು ತಿಂಗಳು ಕೂಸನ್ನು ಸೊಂಟದಿಂದಿಳಿಸದೆ ಅಡಿಗೆ, ಸೊಂಟದಿಂದಿಳಿಸದೆ ಹೊಲಿಗೆ. ದೊಡ್ಡ ಮಗನ ಆಟದ ಸಾಮಾನನ್ನೆಲ್ಲ ಕಸಿದು ಚಿಕ್ಕವನಿಗೆ ಕೊಟ್ಟದ್ದು. ದೊಡ್ಡವನು ಮೂಲೆಯಲ್ಲಿ ಕೂತು ಅತ್ತರೆ ಅವನಿಗೆ ಏಟು. ನೀಲಿಯಾಗದ ಮಗನ ಅಳುವಿಗೆ ಬೆಲೆಯಿರಲಿಲ್ಲ. ಇದನ್ನು ನೆನೆದರೆ ಚಮಚದ ಗಾಯಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಐದು ವರ್ಷ ಅಳದೆ ಬೆಳೆಯುವ ಕೂಸು ಲೋಕದಲ್ಲಿಲ್ಲ. ಬೇಡವಾದ ಅಳುವನ್ನು ತಪ್ಪಿಸಬಹುದು, ಅಷ್ಟೇ. ಹಸಿದಾಗ, ನಿದ್ದೆಗೆಟ್ಟಾಗ ಕೂಸು ಬೇಗ ಕೆರಳುತ್ತದೆ. ಊಟ, ನಿದ್ದೆಯ ಹೊತ್ತು ತಪ್ಪದಿದ್ದರೆ ಅರ್ಧ ಅಳು ತಪ್ಪುತ್ತದೆ. ಕೈಯಿಂದ ಕಸಿಯುವ ಬದಲು ಇನ್ನೊಂದನ್ನು ತೋರಿಸಿ ಬದಲಿಸಿಕೊಂಡರೆ ಮತ್ತಷ್ಟು ತಪ್ಪುತ್ತದೆ. ಉಳಿದದ್ದಕ್ಕೆ ಬೇಡವೆಂದರೆ ಬೇಡವೇ. ಬೆಂಕಿ, ಮೆಟ್ಟಿಲು, ಕರೆಂಟಿನ ತೂತು ಇವುಗಳಿಂದ ಎಳೆದಾಗ ಅತ್ತರೆ ಅಳಲಿ, ಉಸಿರು ಕಟ್ಟಿದರೆ ಎಣಿಸಬೇಕು. ಎಚ್ಚೆತ್ತ ಮೇಲೆ ಹೊಡೆಯುವುದೂ ಬೇಡ, ಕೇಳಿದ್ದನ್ನು ಕೈಗೆ ಕೊಟ್ಟು ಮುದ್ದುಗರೆಯುವುದೂ ಬೇಡ. ಏನೂ ಆಗದವರಂತೆ ಎತ್ತಿಕೊಂಡು ಕೆಲಸಕ್ಕೆ ಹೋಗಬೇಕು. ಉಸಿರು ಕಟ್ಟುವುದು ಕೂಸಿನ ಕೈಯಲ್ಲಿಲ್ಲ, ಆದರೆ ಅತ್ತರೆ ಮನೆಯೆಲ್ಲ ಓಡಿಬರುತ್ತದೆಂದು ಕಲಿಯುವಷ್ಟು ಬುದ್ಧಿ ಒಂದೂವರೆ ವರ್ಷಕ್ಕೆ ಬಂದಿರುತ್ತದೆ. ಕೂಸನ್ನು ನೆರೆಯವರಲ್ಲಿ ಬಿಟ್ಟು ಕೆಲಸಕ್ಕೆ ಹೋಗುವವರು ಅವರಿಗೂ ಇದನ್ನು ಮೊದಲೇ ತಿಳಿಸಿರಬೇಕು. ತಿಳಿಯದವರ ಮನೆಯಲ್ಲಿ ಚಮಚ ಇದ್ದೇ ಇರುತ್ತದೆ.

ಎಲ್ಲಿಗೆ ಹೋಗಬೇಕೆಂದು ಕೆಲವರು ಚೀಟಿಯಲ್ಲಿ ಬರೆದು ಕೇಳಿದ್ದಾರೆ. 'ಬಸ್ತಿ ದವಾಖಾನೆ' ಎಂಬ ಸರ್ಕಾರಿ ಚಿಕಿತ್ಸಾಲಯಗಳು ನಗರದ ಬಡಾವಣೆಗಳಲ್ಲಿ ೨೦೧೮ರಿಂದ ತೆರೆದಿವೆ. ನೋಡಿಸುವುದಕ್ಕೂ ರಕ್ತ ಪರೀಕ್ಷೆಗೂ ಹಣವಿಲ್ಲ. ಮೊದಲು ಅಲ್ಲಿಗೆ ಹೋಗಬಹುದು. ದೊಡ್ಡ ಆಸ್ಪತ್ರೆಯೇ ಬೇಕಾದರೆ ರೆಡ್ ಹಿಲ್ಸಿನಲ್ಲಿ ನೀಲೋಫರ್ ಮಕ್ಕಳ ಆಸ್ಪತ್ರೆಯಿದೆ, ೧೯೫೩ರಿಂದ ನಡೆದುಬಂದದ್ದು. ನಮ್ಮ ಕಾಲದಲ್ಲಿ ಮೆಟ್ರೋ ಇರಲಿಲ್ಲ. ಈಗ ಮಾದಾಪುರದಲ್ಲಿ ಹತ್ತಿ ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ ಲಕ್ಡೀಕಾಪುಲಿನಲ್ಲಿ ಇಳಿದರೆ ಹತ್ತಿರ. ಕೂಸಿಗೆ ಉಸಿರು ಕಟ್ಟಿದಾಗ ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಂಡು ಹೋಗಿರಿ. ನಮ್ಮ ನೂರು ಮಾತಿಗಿಂತ ವೈದ್ಯರಿಗೆ ಅದು ಹೆಚ್ಚು ತಿಳಿಸುತ್ತದೆ.

ಅಲ್ಲಿ ನಮ್ಮವರಿಗೆ ಭಾಷೆಯೇ ತೊಡಕು. ಗಾಬರಿಯಲ್ಲಿ "ಫಿಟ್ಸು, ಫಿಟ್ಸು" ಎಂಬ ಒಂದೇ ಮಾತು ಬಾಯಿಗೆ ಬರುತ್ತದೆ, ವೈದ್ಯರು ಅದನ್ನೇ ಬರೆದುಕೊಳ್ಳುತ್ತಾರೆ. ಆ ಮಾತನ್ನು ಬಿಟ್ಟು, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಬೇಕು. ತೆಲುಗಿನಲ್ಲಿ ಗಂಡು ಕೂಸಿಗೆ "ಮುಂದು ಏಡ್ಚಾಡು, ತರ್ವಾತ ಊಪಿರಿ ಆಗಿಂದಿ" ಎಂದೂ, ಹೆಣ್ಣು ಕೂಸಿಗೆ "ಮುಂದು ಏಡ್ಚಿಂದಿ, ತರ್ವಾತ ಊಪಿರಿ ಆಗಿಂದಿ" ಎಂದೂ ಹೇಳಿದರೆ ಸಾಕು. ಹಿಂದಿಯಲ್ಲಿ ಗಂಡಿಗೆ "ಪಹಲೇ ರೋಯಾ, ಫಿರ್ ಸಾಂಸ್ ರುಕೀ", ಹೆಣ್ಣಿಗೆ "ಪಹಲೇ ರೋಯೀ". ಅಳದೆಯೇ ಬಿದ್ದಿದ್ದರೆ ಅದನ್ನೂ ಹಾಗೆಯೇ ಹೇಳಬೇಕು. ಈ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದು ಪತ್ರಿಕೆಗಳ ಮೇಜಿನ ಮೇಲಿನ ಫಲಕಕ್ಕೆ ಅಂಟಿಸಿದ್ದೇವೆ. ಸೇಡಂನ ಅಣ್ಣನವರು ನಾಳೆ ಮಗಳ ರಕ್ತ ಪರೀಕ್ಷೆಗೆ ಹೋಗುವವರಿದ್ದಾರೆ. ಅವರ ಕೈಗೂ ಒಂದು ಪ್ರತಿ ಕೊಟ್ಟಿದೆ. ಉಳಿದವರು ಬರೆದುಕೊಳ್ಳಬಹುದು, ಪೆನ್ಸಿಲ್ಲು ಮೇಜಿನ ಮೇಲೆಯೇ ಇದೆ.